ನಾಲ್ಕೂ ಒಂದೇ ಥರ

ನಾಲ್ಕು ಪೋರ್ಟುಗಳ ಯುಎಸ್‌ಬಿ ಹಬ್‌ಗೆ ಪೆನ್ಸಿಲ್ಲು ಸರ್ಕ್ಯೂಟ್ ನಕ್ಷೆ ಬರೆಯಿತು. ಮೊದಲನೇ ಪೋರ್ಟಿನಲ್ಲೇ ಎರಡು ಡೇಟಾ ತಂತಿಗಳು ಅದಲುಬದಲಾದವು. ಅದನ್ನೇ ನೋಡಿಕೊಂಡು ಉಳಿದ ಮೂರನ್ನೂ ಎಳೆಯಿತು. ತಪ್ಪು ಹುಡುಕಲು ಕೆಂಪು ಪೆನ್ನು ಬಂತು.

"ಸ್ವಾಮಿ, ತಂತಿ ಅದಲುಬದಲಾಗಿದೆ!" ಎಂದು ನಕ್ಷೆಯ ನಡುವಿದ್ದ ಚಿಪ್ ಕೂಗಿತು.

"ಸುಮ್ಮನಿರಯ್ಯ. ನಾಲ್ಕನ್ನೂ ತಾಳೆ ನೋಡಿದ್ದೇನೆ, ಒಂದೇ ಥರ ಇವೆ," ಎಂದಿತು ಪೆನ್ನು.

"ಅಯ್ಯೋ, ನಾಲ್ಕೂ ಒಂದೇ ಥರ ತಪ್ಪಾಗಿವೆ! ಅವನ್ನು ಅವಕ್ಕೇ ಹೋಲಿಸಿದರೆ ಏನು ಬಂತು? ನನ್ನ ಪಿನ್ನುಗಳ ಜೊತೆ ಹೋಲಿಸಿ ನೋಡಿ, ಮಾರಾಯರೆ!"

"ತಲೆ ತಿನ್ನಬೇಡ," ಎಂದು ಗದರಿ ಪೆನ್ನು ಸಹಿ ಹಾಕಿತು.

ಹಬ್ ತಯಾರಾಗಿ ಬಂತು. ಒಂದು ಪೋರ್ಟೂ ಕೆಲಸ ಮಾಡಲಿಲ್ಲ. ಚಿಪ್ ಹಣೆ ಹಣೆ ಚಚ್ಚಿಕೊಂಡಿತು.

ಪೆನ್ನು ಸತ್ತ ಪೋರ್ಟುಗಳನ್ನು ಒಂದೊಂದಾಗಿ ನೋಡಿ, "ನಾನು ಆಗಲೇ ಹೇಳಲಿಲ್ಲವೇ? ನಾಲ್ಕೂ ಒಂದೇ ಥರ ಇವೆ," ಎಂದಿತು.