ಯಂತ್ರಕ್ಕೆ ಕರಣೆ ಕೊಟ್ಟ ಮೇಸ್ತ್ರಿ

"ಬುದ್ಧಿ, ಯಂತ್ರ ಬಂದು ಮನುಷ್ಯರ ಕೆಲಸ ಹೋದರೆ ಆ ಪಾಪ ಯಾರಿಗೆ?"

ಕೇಳಿದವನು ಶಿಷ್ಯ ಸಿದ್ದಮಲ್ಲ. ಮಠದಲ್ಲಿ ಹೊಸ ದಾಸೋಹದ ಮನೆ ಏಳುತ್ತಿತ್ತು. ಅದರ ಉಸ್ತುವಾರಿಯನ್ನು ಗುರುಗಳು ಅವನಿಗೆ ವಹಿಸಿದ್ದರು. ಗೋಡೆಗಳು ನಿಂತಿದ್ದವು. ಗಾರೆ ಬಳಿಯುವ ಕೆಲಸ ಉಳಿದಿತ್ತು. ಅದಕ್ಕೆ ಯಂತ್ರದ ಕೈಯೊಂದನ್ನು ತರಿಸುತ್ತೇನೆ, ಅದು ತಾನೇ ಗೋಡೆ ಅಳೆದು ತಾನೇ ಬಳಿಯುತ್ತದೆ ಎಂದು ಗುತ್ತಿಗೆದಾರ ಹೇಳಿ ಹೋಗಿದ್ದ. ಅಂದಿನಿಂದ ಆಳುಗಳು ಸಿದ್ದಮಲ್ಲನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದರು. ಅವನಿಗೆ ಊಟ ಸೇರುತ್ತಿರಲಿಲ್ಲ.

"ಪಾಪವನ್ನು ಯಾರ ತಲೆಗಾದರೂ ಕಟ್ಟಿಬಿಟ್ಟರೆ ನಿನಗೆ ಊಟ ಸೇರುತ್ತದೋ?" ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾರೆ ಮೇಸ್ತ್ರಿ ಇದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕತೆ ಮುಗಿಯುವಷ್ಟರಲ್ಲಿ ನೀನು ಅವನನ್ನು ಬೈಯಲು ಶುರುಮಾಡುತ್ತೀಯ. ಅವನು ಕುಡಿಯುತ್ತಿರಲಿಲ್ಲ. ಆಳುಗಳ ಮೇಲೆ ಕೂಗಾಡುತ್ತಿರಲಿಲ್ಲ. ಯಾರಿಗಾದರೂ ಜ್ವರ ಬಂದರೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ. ಅವನು ಬಳಿದ ಗೋಡೆಯ ಮೇಲೆ ಅಂಗೈ ಆಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ.

ಅವನ ತಂಡದಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಗಾರೆ ಬಳಿಯುವ ಕರಣೆ, ಮಟ್ಟ ನೋಡುವ ರಸಮಟ್ಟ, ತೂಗುಗುಂಡು ಎಲ್ಲವನ್ನೂ ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತಿದ್ದರು. ಪೂಜೆಯಾದ ಮೇಲೆ ಮೇಸ್ತ್ರಿ ಒಬ್ಬ ಆಳನ್ನು ಹತ್ತಿರ ಕರೆದು ಅವನ ಕೈಗೆ ಒಂದು ಕರಣೆ ಕೊಡುತ್ತಿದ್ದ. ಅಂದಿನಿಂದ ಅವನು ಗಾರೆ ಹೊರುವ ಆಳಲ್ಲ, ಗಾರೆ ಬಳಿಯುವವನು. ತಂಡದ ಗಾರೆಯವರೆಲ್ಲ ಹಾಗೆ ಕರಣೆ ಪಡೆದವರೇ.

ಹೆಂಗಸರಿಗೆ ಕರಣೆ ಕೊಟ್ಟದ್ದಿಲ್ಲ. ಕೊಡಬಾರದೆಂದು ಯಾರೂ ಹೇಳಿರಲಿಲ್ಲ. ಕೊಟ್ಟ ರೂಢಿ ಇರಲಿಲ್ಲ, ಅಷ್ಟೇ. ಹೆಂಗಸರು ಗಾರೆ ಕಲಸಬೇಕು, ಬಾಂಡ್ಲಿಗೆ ತುಂಬಬೇಕು, ತಲೆಯ ಮೇಲೆ ಹೊತ್ತುಕೊಂಡು ಗೋಡೆಗೆ ಕಟ್ಟಿದ ಸಾರ್ವೆ ಹತ್ತಬೇಕು. ಪೂಜೆಯ ಬೆಳಗ್ಗೆ ಕರಣೆಗಳನ್ನು ತಿಕ್ಕಿ ತೊಳೆಯುವವರೂ ಅವರೇ. ತೊಳೆಯುವುದಕ್ಕೆ ಹೆಂಗಸಿನ ಕೈ ಆಗುತ್ತದೆ, ಹಿಡಿಯುವುದಕ್ಕೆ ಆಗುವುದಿಲ್ಲ. ಇಂಥ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಮಾಡಿದನೋ ನಾನು ಕಾಣೆ.

ಆ ಹೆಂಗಸರಲ್ಲಿ ಚಿಕ್ಕತಾಯಿ ಎಂಬವಳೊಬ್ಬಳಿದ್ದಳು. ಮದುವೆಯಾದ ಹೊಸತರಲ್ಲಿ ಬಾಂಡ್ಲಿ ಹೊತ್ತವಳು, ಮಗಳು ಕಾಲೇಜು ಸೇರುವ ಹೊತ್ತಿಗೂ ಹೊರುತ್ತಲೇ ಇದ್ದಳು. ಗಂಡ ತೀರಿಕೊಂಡಿದ್ದ. ಮನೆ ನಡೆಯುತ್ತಿದ್ದುದು ಅವಳ ಕೂಲಿಯಿಂದ. ಈಗ ಕತ್ತು ಸೋತು ಬಂದಿತ್ತು. ಬೆಳಗ್ಗೆ ಎದ್ದರೆ ತಲೆ ಒಂದು ಕಡೆಗೆ ತಿರುಗುತ್ತಿರಲಿಲ್ಲ. ಹೊರಲಾಗದ ದಿನ ಬಂದರೆ ತನಗೆ ಕೆಲಸವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕರಣೆ ಹಿಡಿದರೆ ಕತ್ತಿನ ಮೇಲೆ ಭಾರವಿಲ್ಲ, ಇನ್ನಷ್ಟು ವರ್ಷ ದುಡಿಯಬಹುದು. ಒಂದು ಸಲ ಪೂಜೆಗೆ ಮುಂಚೆ ಧೈರ್ಯ ಮಾಡಿ ಮೇಸ್ತ್ರಿಯ ಮುಂದೆ ನಿಂತಳು.

"ಮೇಸ್ತ್ರಣ್ಣ, ಈ ಸಲ ಕರಣೆ ನಂಗೆ ಕೊಡಣ್ಣ. ಕಲ್ತ್ಕೋತೀನಿ."

ಮೇಸ್ತ್ರಿ ನಕ್ಕ. ಕೆಟ್ಟ ನಗೆಯಲ್ಲ, ತಂಗಿಯ ಮಾತಿಗೆ ಅಣ್ಣ ನಗುವಂಥ ನಗೆ. "ಅಲ್ಲ ಕಣವ್ವ ಚಿಕ್ಕತಾಯಿ, ನಿಂಗೆ ಕಲಿಸ್ತಾ ಕೂತ್ರೆ ನನ್ ಕೆಲ್ಸ ಯಾರು ಮಾಡ್ತಾರೆ? ನೀನು ಗೋಡೆ ಕೆಡಿಸಿದ್ರೆ ಮನೆಯೋರಿಗೆ ಏನಂತ ಹೇಳ್ಲಿ? ಪುರುಸೊತ್ತಾದಾಗ ನೋಡಾನ ಬಿಡು."

ಅವಳು ಆಗಲಿ ಅಣ್ಣ ಎಂದು ಕರಣೆಗಳನ್ನು ತೊಳೆಯಲು ಹೋದಳು. ಆ ವರ್ಷದ ಕರಣೆ ಅವಳಿಗಿಂತ ಎಷ್ಟೋ ತಡವಾಗಿ ಸೇರಿದ್ದ ಒಬ್ಬ ಗಂಡಾಳಿಗೆ ಹೋಯಿತು. ಮರುವರ್ಷ ಮತ್ತೆ ಕೇಳಿದಳು. ಮೇಸ್ತ್ರಿಗೆ ಪುರುಸೊತ್ತಾಗಿರಲಿಲ್ಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಅವಳ ಕೈಯಲ್ಲಿ ವಿದ್ಯೆ ಇತ್ತೇ ಎಂದು ಕೇಳಬೇಡ. ನನಗೆ ಗೊತ್ತಿಲ್ಲ. ಒಳ್ಳೆಯ ಗಾರೆಯವಳಾಗುತ್ತಿದ್ದಳೋ, ಇದ್ದಬದ್ದ ಗೋಡೆಯನ್ನೆಲ್ಲ ಉಬ್ಬುತಗ್ಗು ಮಾಡಿಡುತ್ತಿದ್ದಳೋ, ಅದು ಯಾರಿಗೂ ಗೊತ್ತಾಗಲೇ ಇಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಹೀಗಿರುವಾಗ ದೊಡ್ಡ ಗುತ್ತಿಗೆದಾರನೊಬ್ಬ ಮೇಸ್ತ್ರಿಯನ್ನು ಹುಡುಕಿಕೊಂಡು ಬಂದ. ಅವನ ಬಳಿ ಯಂತ್ರದ ಕೈ ಇತ್ತು. ಅದು ಚಕ್ರದ ಮೇಲೆ ಓಡಾಡುತ್ತದೆ, ಎತ್ತರಕ್ಕೆ ಚಾಚಿಕೊಂಡು ಗೋಡೆಗೆ ಗಾರೆ ಬಳಿಯುತ್ತದೆ. ಆದರೆ ಬಳಿಯುವ ಹದ ಅದಕ್ಕೆ ಬರದು. ಒಳ್ಳೆಯ ಗಾರೆಯವನ ಕೈ ನೋಡಿ ಅದು ಕಲಿಯಬೇಕು. ಈ ಸೀಮೆಯಲ್ಲಿ ನಿನ್ನಂಥ ಕೈ ಇನ್ನೊಂದಿಲ್ಲ, ನೀನೇ ಬರಬೇಕು, ನಿನ್ನ ಆಳುಗಳೂ ಬರಲಿ ಎಂದ. ಮೇಸ್ತ್ರಿ ಉಬ್ಬಿಹೋದ. ಯಾರು ಉಬ್ಬುವುದಿಲ್ಲ ಹೇಳು? ನಿನ್ನ ಪ್ರವಚನ ಚೆನ್ನಾಗಿತ್ತು ಎಂದು ಯಾರೋ ಹೇಳಿದ ದಿನ ನೀನು ಎರಡು ಮುದ್ದೆ ಹೆಚ್ಚಿಗೆ ಉಂಡಿದ್ದೆ.

ಇಂಜಿನಿಯರುಗಳು ಮೇಸ್ತ್ರಿಯ ಮಣಿಕಟ್ಟಿಗೆ ಕೈಯ ಓಟ ಗುರುತಿಸುವ ಪಟ್ಟಿ ಕಟ್ಟಿದರು. ಅವನ ಕೈ ಆಡಿದಂತೆ ಯಂತ್ರದ ಕೈ ಆಡಬೇಕು. ಅದು ಕಲಿಯಲೆಂದೇ ಬಯಲಿನಲ್ಲಿ ಒಂದು ಗೋಡೆ ಕಟ್ಟಿಸಿದರು. ಅದರ ಹಿಂದೆ ಮನೆಯಿಲ್ಲ, ಮುಂದೆ ಮನೆಯಿಲ್ಲ, ಬರೀ ಗೋಡೆ. ಮೊದಲ ದಿನ ಯಂತ್ರ ಗೋಡೆಯನ್ನು ಬಿಟ್ಟು ಇಂಜಿನಿಯರನ ಅಂಗಿಗೆ ಗಾರೆ ಬಳಿಯಿತು. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ. "ಹೊಸ್ದಲ್ವಾ ಸಾರ್, ಕಲೀತದೆ ಬಿಡಿ," ಎಂದ. ಮರುದಿನ ಅದು ದಪ್ಪಗೆ ಬಳಿದು ಗಾರೆಯೆಲ್ಲ ಕುಸಿದುಬಿತ್ತು. ಇನ್ನೊಂದು ದಿನ ತೆಳ್ಳಗೆ ಬಳಿದು ಇಟ್ಟಿಗೆಯೇ ಕಾಣಿಸಿತು. ಮೇಸ್ತ್ರಿ ಬೇಸರಪಡಲಿಲ್ಲ. ಎಳೆಗೂಸಿಗೆ ಅನ್ನ ತಿನ್ನಿಸುವವನಂತೆ ಮತ್ತೆ ಮತ್ತೆ ತೋರಿಸಿದ. ಬೇಸಿಗೆ ಕಳೆದು ಮಳೆಗಾಲ ಬಂತು. ಆಗಲೂ ತೋರಿಸುತ್ತಿದ್ದ. ಅವನ ಸ್ವಂತ ಒಪ್ಪಂದದ ಮನೆಗಳು ಅರ್ಧಕ್ಕೆ ನಿಂತಿದ್ದವು, ಅವುಗಳ ಯಜಮಾನರು ಬಂದು ಬೈದು ಹೋದರು. ಅವನು ನಗುತ್ತಲೇ ಬೈಸಿಕೊಂಡ.

ಕೆಟ್ಟ ಗಾರೆಯನ್ನು ಪ್ರತಿ ಸಲವೂ ಯಾರಾದರೂ ಕೆರೆದು ತೆಗೆಯಬೇಕಲ್ಲ. ಆ ಕೆಲಸ ಚಿಕ್ಕತಾಯಿಯದಾಯಿತು. ಕೆರೆದು, ಬಾಂಡ್ಲಿಗೆ ತುಂಬಿ, ಹೊತ್ತುಕೊಂಡು ಹೋಗಿ ಸುರಿದು ಬರುತ್ತಿದ್ದಳು. ಯಂತ್ರದ ತಪ್ಪುಗಳೆಲ್ಲ ಅವಳ ಕತ್ತಿನ ಮೇಲೆಯೇ ಸಾಗಿಹೋದವು. ಮೇಸ್ತ್ರಿ ಅವಳನ್ನು ದಿನವೂ ನೋಡುತ್ತಿದ್ದ. ನೋಡಿಯೂ ಅವನಿಗೆ ಏನೂ ನೆನಪಾಗಲಿಲ್ಲ.

ಆಯುಧಪೂಜೆಯ ಹೊತ್ತಿಗೆ ಯಂತ್ರ ಚೆನ್ನಾಗಿ ಕಲಿತಿತ್ತು. ಆಗ ಮೇಸ್ತ್ರಿ ಮಾಡಿದ ಕೆಲಸ ಕೇಳು. ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿಸಿದ, ಕುಂಕುಮ ಹಚ್ಚಿದ, ಆ ವರ್ಷದ ಕರಣೆಯನ್ನು ತಂದು ಅದರ ಕಬ್ಬಿಣದ ಕೈಗೆ ದಾರದಿಂದ ಕಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಂತ್ರಕ್ಕೆ ಆ ಕರಣೆ ಬೇಕಾಗಿರಲಿಲ್ಲ, ಬಳಿಯುವ ಹಲಗೆ ಅದಕ್ಕೆ ಅದರದೇ ಇತ್ತು. ಬೇಕಾಗಿದ್ದವಳು ಅಂದು ಬೆಳಗ್ಗೆ ಅದನ್ನು ತೊಳೆದಿಟ್ಟು ಎಲ್ಲರ ಹಿಂದೆ ನಿಂತಿದ್ದಳು. ಈ ಮಾತು ಹೇಳುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಮುಂದಿನದೆಲ್ಲ ಬೇಗ ಆಗಿಹೋಯಿತು. ಯಂತ್ರ ಗಾರೆಯನ್ನು ಕೊಳವೆಯಲ್ಲಿ ತಾನೇ ಎಳೆದುಕೊಳ್ಳುತ್ತಿತ್ತು, ಹೊತ್ತು ಕೊಡುವವರು ಬೇಡವಾದರು. ಗುತ್ತಿಗೆದಾರ ಆಳುಗಳನ್ನು ಕರೆದು ಹೇಳಿದ. ಮೂಲೆಗಳಿಗೆ, ಕಿಟಕಿಯ ಅಂಚುಗಳಿಗೆ ಯಂತ್ರ ಹೋಗುವುದಿಲ್ಲ, ಆದ್ದರಿಂದ ಕರಣೆ ಬಲ್ಲವರು ಉಳಿಯಿರಿ, ಬರೀ ಹೊರುವವರು ಬೇರೆ ಕಡೆ ನೋಡಿಕೊಳ್ಳಿ ಎಂದ. ಕರಣೆ ಪಡೆದವರೆಲ್ಲ ಉಳಿದರು. ಚಿಕ್ಕತಾಯಿ ತಲೆಯ ಸಿಂಬೆಯ ಬಟ್ಟೆಯನ್ನು ಕೊಡವಿ ಮಡಿಸಿಕೊಂಡು ಹೊರಟಳು.

ಆಗ ಮೇಸ್ತ್ರಿಗೆ ಹೊಳೆಯಿತು. ಯಂತ್ರದ ಕೈಯಿಂದ ಕರಣೆಯನ್ನು ಬಿಚ್ಚಿಕೊಂಡು ಗೇಟಿನವರೆಗೆ ಓಡಿದ. "ಚಿಕ್ಕತಾಯಿ, ತಗೋಳವ್ವ. ಇವತ್ತಿಂದ್ಲೇ ಕಲಿಸ್ತೀನಿ, ನನ್ನಾಣೆ," ಎಂದ.

ಅವಳು ಕರಣೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. "ನಾನು ಕಲಿಯೋಗಂಟ ಅವ್ರು ಕಾಯ್ತಾರಾ ಅಣ್ಣ?" ಎಂದಳು.

ಮೇಸ್ತ್ರಿ ಹಿಂತಿರುಗಿ ಗುತ್ತಿಗೆದಾರನನ್ನು ನೋಡಿದ. ಅವನು ಆಗಲೇ ಉಳಿದವರಿಗೆ ಕೆಲಸ ಹಂಚುತ್ತಿದ್ದ. ಚಿಕ್ಕತಾಯಿ ಕರಣೆಯನ್ನು ಮೇಸ್ತ್ರಿಯ ಕೈಗೇ ಕೊಟ್ಟು ನಡೆದಳು. ಬೇರೆ ಕಡೆ ಕತ್ತು ತಡೆಯುವವರೆಗೆ ಹೊತ್ತಳಂತೆ. ಆಮೇಲೆ ಮಗಳು ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಸೇರಿದಳಂತೆ. ಮೇಸ್ತ್ರಿಗೆ ಹೆಸರು ಬಂತು, ಊರೂರಿಗೆ ಕರೆಸಿಕೊಂಡರು. ಆದರೆ ಆಯುಧಪೂಜೆ ಬಂದರೆ ಅವನು ಮನೆಯ ಬಾಗಿಲು ದಾಟುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಆಳುಗಳು ಗಾರೆ ಕಲಸುವ ಸದ್ದು ಕೇಳುತ್ತಿತ್ತು.

"ತಿಳಿಯಿತು ಬುದ್ಧಿ," ಎಂದ ಸಿದ್ದಮಲ್ಲ. "ಗುತ್ತಿಗೆದಾರನಿಗೆ ಇವತ್ತೇ ಹೇಳಿಬಿಡುತ್ತೇನೆ, ಯಂತ್ರ ಬೇಡವೆಂದು."

"ಯಂತ್ರ ಬರಲಿ ಬಿಡು ಮರಿ, ಆಳುಗಳಿಗೆ ಕಲಿಸುವುದಕ್ಕೆ ನಮಗೆ ಪುರುಸೊತ್ತಿರಲಿಲ್ಲ ಎಂಬ ಸುಳ್ಳನ್ನು ಮಾತ್ರ ಇನ್ನು ಯಾರೂ ಹೇಳುವ ಹಾಗಿಲ್ಲ," ಎಂದರು ಗುರುಗಳು.