ಅರ್ಜಿಯ ಕೊನೆಯ ಸಾಲು

ಹೊಳೆದಂಡೆಯ ಮಠದ ಹೈಸ್ಕೂಲಿನಲ್ಲಿ ಗುರುಬಸಯ್ಯ ಒಂಬತ್ತನೆಯ ತರಗತಿಗೆ ತೆರಿಗೆಯ ಪಾಠ ಹೇಳುತ್ತಿದ್ದ. ಪಾಠ ಚೆನ್ನಾಗಿಯೇ ಇತ್ತು, ಕೇಳುವವರಿರಲಿಲ್ಲ. ಸಂಬಳದವರು ಕಟ್ಟುವುದು, ನಮಗೇಕೆ ಎಂದು ಮಕ್ಕಳು ಆಕಳಿಸಿದರು.

ಅವನು ಬೇಸತ್ತು ತನ್ನ ಗುರುಗಳೂ ಮಠದ ಸ್ವಾಮಿಗಳೂ ಆದ ಅಜ್ಜನವರ ಹತ್ತಿರ ಹೋಗಿ ದೂರು ಹೇಳಿಕೊಂಡ. ಅಜ್ಜನವರು ಎದ್ದು ನಡೆದೇಬಿಟ್ಟರು. ದಾರಿಯಲ್ಲಿ ಹೊಳೆಯ ಮೆಟ್ಟಿಲ ಮೇಲೆ ಬಿದ್ದಿದ್ದ ಸಾಬೂನಿನ ಕಾಗದವೊಂದನ್ನು ಹೆಕ್ಕಿಕೊಂಡರು.

ತರಗತಿಗೆ ಬಂದು, ತೆರಿಗೆ ಕೊಟ್ಟವರು ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ.

ಕಾಗದವನ್ನು ಮುಂದೆ ಕುಳಿತ ನೀಲವ್ವನ ಕೈಗಿತ್ತು, ಬೆಲೆಯ ಪಕ್ಕದ ಸಣ್ಣ ಇಂಗ್ಲಿಷ್ ಅಕ್ಷರ ಓದಿಸಿದರು. ಅವಳು ತಡವರಿಸಿ ಓದಿ ಅರ್ಥ ಹೇಳಿದಳು: ಎಲ್ಲ ತೆರಿಗೆಗಳೂ ಸೇರಿ.

"ನಿಮ್ಮನಿಗೆ ಸಾಬೂನು ಯಾರು ತರ್ತಾರವ್ವಾ?"

"ನಾನ ತರ್ತೇನ್ರಿ, ಅಜ್ಜಾರ."

"ಹಂಗಾರ ತೆರಿಗಿ ಕೊಡಾಕಿ ನೀನ."

ಆಕಳಿಸುತ್ತಿದ್ದವರೆಲ್ಲ ನೆಟ್ಟಗೆ ಕುಳಿತರು. ನೀಲವ್ವ ಎದ್ದು ನಿಂತಳು. ಅವಳ ಊರು ಹಳ್ಳದಾಚೆ. ಕಾಲುಸೇತುವೆಯ ಹಲಗೆಗಳು ಮುರಿದು ವರ್ಷವಾಗಿತ್ತು. ಮಳೆಗಾಲದೊಳಗೆ ಅದು ಸರಿಯಾಗದಿದ್ದರೆ ಶಾಲೆ ಬಿಡಿಸುತ್ತೇನೆಂದು ಅಪ್ಪ ಹೇಳಿದ್ದ. ಶಾಲೆಯೆಂದರೆ ಅವಳಿಗೆ ಜೀವ.

"ನಾ ಕೊಟ್ಟದ್ದು ಖರೇ ಆದ್ರ, ಆ ಸೇತುವಿ ಯಾಕ ಹಂಗ ಐತ್ರಿ?"

ತೆರಿಗೆಯ ಪಾಠದಲ್ಲಿ ಬಂದ ಮೊದಲ ಪ್ರಶ್ನೆ ಅದು. ಗುರುಬಸಯ್ಯನಿಗೆ ಹಿಗ್ಗೋ ಹಿಗ್ಗು. ಕೂಡಲೇ ಪಂಚಾಯ್ತಿಗೆ ಅರ್ಜಿ ಬರೆಯೋಣವೆಂದ. ಅವನು ಹೇಳಿದ, ನೀಲವ್ವ ಬರೆದಳು, ಎಲ್ಲರೂ ಸಹಿ ಹಾಕಿದರು. ತಾನೇ ಒಯ್ದು ಕೊಡುತ್ತೇನೆಂದು ಅವಳು ಪಟ್ಟು ಹಿಡಿದಳು. ಅರ್ಜಿಗಳೆಲ್ಲ ಮುಗಿಯುವ ಹಾಗೆಯೇ ಇದೂ ಮುಗಿದಿತ್ತು: "ತಾವು ದಯಮಾಡಿ ಸೇತುವೆ ದುರಸ್ತಿ ಮಾಡಿಸಿಕೊಡಬೇಕೆಂದು ಬೇಡಿಕೊಳ್ಳುತ್ತೇವೆ."

ಅಜ್ಜನವರು ಅದನ್ನು ಇಸಿದುಕೊಂಡು ನಿಧಾನವಾಗಿ ಓದಿದರು. ಪೆನ್ನು ಕೇಳಿ ಕೊನೆಯ ಪದವನ್ನು ಹೊಡೆದುಹಾಕಿದರು.

ಗುರುಬಸಯ್ಯ ಗಾಬರಿಯಾದ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವನಿಗೆ ಹಾಗೇ ಬರೆಯಲು ಕಲಿಸಿದ್ದರು.

"ಬೇಡಿಕೊಳ್ಳುತ್ತೇವೆ ಅನ್ನೂದು ಮರ್ಯಾದಿ ಅಲ್ರೀ, ಅಜ್ಜಾರ?"

"ಬೇಡಾಕ ಜೋಳಿಗಿ ಹೊತ್ತು ನಾ ಅದೀನಿ, ತಮ್ಮಾ. ಆಕಿ ಕೊಟ್ಟಾಕಿ. ಕೇಳ್ತೀವಿ ಅಂತ ಬರಸು."