ಸುಮಾರು ಈ ಕಡೆ

“ಗುರುಗಳೇ, ನೂರಕ್ಕೆ ನೂರು ಗೊತ್ತಾಗುವವರೆಗೂ ನಾನು ಬಾಯಿ ತೆಗೆಯುವುದಿಲ್ಲ. ಇದು ಒಳ್ಳೆಯ ಗುಣವಲ್ಲವೇ?” ಎಂದು ಶಿಷ್ಯ ಕೇಳಿದ.

“ಹಾಗಾದರೆ ಈಗ ಯಾಕೆ ತೆಗೆದೆ?” ಎಂದು ನಕ್ಕು ಗುರುಗಳು ಈ ಕತೆ ಹೇಳಿದರು.

ಬಹಳ ದೂರದಲ್ಲಿ ದೊಡ್ಡ ನಕ್ಷತ್ರವೊಂದು ಸಾಯುವಾಗ ಒಮ್ಮೊಮ್ಮೆ ಗಾಮಾ ಕಿರಣ ಚಿಮ್ಮುತ್ತದೆ. ಕೆಲವು ಸೆಕೆಂಡು, ಅಷ್ಟೇ. ಒಂದು ಸೀನು ಬಂದು ಹೋದಷ್ಟು ಹೊತ್ತು. ಆಮೇಲೆ ಆ ಜಾಗದಲ್ಲಿ ಮಂಕು ಬೆಳಕೊಂದು ಸ್ವಲ್ಪ ಹೊತ್ತು ಉಳಿದು ಆರುತ್ತದೆ. ನಮ್ಮ ಗಾಳಿ ಆ ಕಿರಣವನ್ನು ನೆಲಕ್ಕೆ ಬಿಡುವುದಿಲ್ಲ. ಅದಕ್ಕೇ ಜನ ಗಾಳಿಯ ಆಚೆಗೆ ಎರಡು ಕಣ್ಣು ಹಾರಿಬಿಟ್ಟಿದ್ದರು. ಒಂದು ಅಗಲಗಣ್ಣು. ಅದಕ್ಕೆ ಅರ್ಧ ಆಕಾಶ ಕಾಣುತ್ತದೆ, ಆದರೆ ಮಸುಕು ಮಸುಕು. ಇನ್ನೊಂದು ದೂರದರ್ಶಕ. ಅದರದು ಸೂಜಿಯಂಥ ನೋಟ, ಆದರೆ ಎತ್ತ ತಿರುಗಬೇಕೆಂದು ಯಾರಾದರೂ ಹೇಳಬೇಕು.

ಅಗಲಗಣ್ಣಿಗೆ ಒಬ್ಬ ಕಾವಲಿನವಳಿದ್ದಳು. ಅಂಥ ಮಿಂಚು ಕಂಡರೆ ಸುದ್ದಿ ಕಳಿಸುವುದು ಅವಳ ಕೆಲಸ. ಸುದ್ದಿ ಹೋಯಿತೆಂದರೆ ಯಾರ ಕೆಲಸವಿದ್ದರೂ ದೂರದರ್ಶಕ ತಿರುಗಲೇಬೇಕು. ಕಳಿಸಿದ ಸುದ್ದಿಯನ್ನು ಅಳಿಸುವಂತಿಲ್ಲ, ತಪ್ಪಿದ್ದರೆ ಅದರ ಕೆಳಗೇ ಬರೆಯಬೇಕು. ಅಲ್ಲಿನ ಕಟ್ಟಳೆ ಅದು.

ಅವಳು ಎರಡು ಸಲ ತಪ್ಪಿದ್ದಳು. ಒಂದು ಸಲವಂತೂ ಅದು ನಮ್ಮ ಸೂರ್ಯನದೇ ಕಿಡಿ. “ಏನಮ್ಮ, ಸೂರ್ಯನನ್ನು ಕಂಡುಹಿಡಿದೆಯಂತೆ! ಹೆಸರಿಟ್ಟಾಯಿತಾ?” ಎಂದು ಮಂದಿ ಊಟದ ಸಾಲಿನಲ್ಲಿ ಕಾಡಿದ್ದರು. ಮೂರನೆಯ ಸಲ ತಪ್ಪಿದರೆ ಕುರ್ಚಿ ಬಿಡು ಎಂದು ಮೇಲಿನವರು ಹೇಳಿದ್ದರು.

ಒಂದು ಮಧ್ಯಾಹ್ನ ಅವಳ ಮುಂದಿನ ಪರದೆಯಲ್ಲಿ ಅಗಲಗಣ್ಣಿನ ಗೆರೆ ಚಂಗನೆ ನೆಗೆಯಿತು. ಆಗ ದೂರದರ್ಶಕ ಒಬ್ಬ ಪಂಡಿತನ ಕೆಲಸದಲ್ಲಿತ್ತು. ಅವನದು ಒಂದೇ ನಕ್ಷತ್ರದ ಮೇಲೆ ಐದು ದಿನದ ನೋಟ. ನಾಲ್ಕು ಮುಗಿದಿತ್ತು. ನಡುವೆ ತಿರುಗಿದರೆ ಎಲ್ಲ ಮೊದಲಿಂದ.

ಅವಳು ಬರೆದಳು: ಸುಮಾರು ಈ ಕಡೆ.

ಗೆರೆ ನೆಗೆದದ್ದು ಕಂಡು ಪಂಡಿತ ಓಡಿಬಂದು ಅದನ್ನು ಓದಿದ. “ಸುಮಾರು ಅಂದರೇನಮ್ಮ? ಅದು ಸಾರಿನ ಉಪ್ಪಿಗೆ ಹೇಳುವ ಮಾತು, ಆಕಾಶಕ್ಕಲ್ಲ! ಖಚಿತ ಮಾಡಿಕೊಂಡು ಕಳಿಸು.”

“ಖಚಿತಕ್ಕೆ ಒಂದು ಗಂಟೆ ಬೇಕು ಸ್ವಾಮಿ. ಅಷ್ಟರಲ್ಲಿ ಉಳಿದ ಬೆಳಕೂ ಆರುತ್ತೆ.”

“ಇದೂ ಸೂರ್ಯನೇ ಆದರೆ?”

“ಆದರೆ ಈ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ.”

‘ತಪ್ಪಿರಬಹುದು, ತಿರುಗಿಸಿ’ ಎಂದು ಇನ್ನೊಂದು ಸಾಲು ಸೇರಿಸಿ ಕಳಿಸಿಯೇಬಿಟ್ಟಳು.

ಒಂದೂವರೆ ನಿಮಿಷದಲ್ಲಿ ಆ ಭಾರಿ ಕಣ್ಣು ಹೊರಳಿತು. ಮೊದಲ ಚಿತ್ರದಲ್ಲಿ ಏನೂ ಇಲ್ಲ. ಪಕ್ಕಕ್ಕೆ ಸರಿಸಿದರು. ಎರಡನೆಯದರಲ್ಲೂ ಇಲ್ಲ. ಅವಳು ಮೇಜಿನ ಮೇಲಿದ್ದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಮೂರನೆಯದರ ಅಂಚಿನಲ್ಲಿ ಒಂದು ಚುಕ್ಕೆ. ಹಳೆಯ ನಕ್ಷೆಯಲ್ಲಿ ಅದು ಇರಲಿಲ್ಲ. ನೋಡುತ್ತಿದ್ದಂತೆಯೇ ಮಂಕಾಗುತ್ತಿತ್ತು. ಮಂಕಾಗುವ ಮೊದಲೇ ಅದರ ದೂರ ಅಳೆದರು. ಆ ಬೆಳಕು ಹೊರಟಾಗ ಈ ಭೂಮಿಯೇ ಇರಲಿಲ್ಲ. ಗಂಟೆ ತುಂಬುವಷ್ಟರಲ್ಲಿ ಅದು ಆರಿಹೋಯಿತು.

ಅವಳು ಸುದ್ದಿಯ ಕೆಳಗೆ ಬರೆದಳು: ನಾನು ಹೇಳಿದ ಜಾಗ ನಾಲ್ಕು ಚಂದ್ರರ ಅಗಲದಷ್ಟು ತಪ್ಪು. ಸರಿಯಾದ ಜಾಗ ಇದು.

ನಾಲ್ಕು ದಿನದ ಕೆಲಸ ಕಳೆದುಕೊಂಡ ಪಂಡಿತ ಎಲ್ಲ ಸಾಲುಗಳನ್ನೂ ಓದಿದ. ಆಮೇಲೆ ಕೈಮುಗಿದು, “ಇಷ್ಟು ಚೆನ್ನಾಗಿ ತಪ್ಪಿದವರನ್ನು ನಾನು ನೋಡಿಯೇ ಇಲ್ಲ ತಾಯಿ,” ಎಂದ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಒಂದು ಗಂಟೆ ಕಾದಿದ್ದರೆ ಖಚಿತವಾದದ್ದೇ ಸಿಗುತ್ತಿತ್ತಲ್ಲ?”

“ಸಿಗುತ್ತಿತ್ತು,” ಎಂದರು ಗುರುಗಳು, “ಖಚಿತವಾದ ಕತ್ತಲು.”